ಆಯಿಯ ಮೇಲೆ ಬಿದ್ದ ಹನಿ

ಹೊಟ್ಟು ಕಲಸಿ ನೆನೆಹಾಕಿದ ಮಣ್ಣು ನಾಲ್ಕಾರು ದಿನಕ್ಕೆ ಹುಳಿತು ಒಂದು ವಾಸನೆ ಬಿಡುತ್ತದೆ. ದನದ ಕೊಟ್ಟಿಗೆಯದೂ ಅಲ್ಲ, ಅಂಬಲಿಯದೂ ಅಲ್ಲ, ಎರಡರ ನಡುವಿನದು. ಕಟಕೋಳದ ನಮ್ಮ ಮನೆಯಲ್ಲಿ ಅದನ್ನು ಉಸಿರಾಡಿಯೇ ಬೆಳೆದವನು ನಾನು. ಅದೇ ವಾಸನೆ ಸಮುದ್ರದಾಚೆ, ಒಂದು ಗಲ್ಫ್ ದೇಶದಲ್ಲಿ ಮೂಗಿಗೆ ಬಡಿದಾಗ ಸಲಿಕೆ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ಊರಿನವರ ಬಾಯಲ್ಲಿ ಅದೆಲ್ಲ ದುಬೈಯೇ. ನಾನಿದ್ದದ್ದು ಬೇರೆ ದೇಶ, ಆದರೆ ತಿದ್ದಲು ಹೋಗಲಿಲ್ಲ. ಗಾಜಿನ ಕಟ್ಟಡಗಳಲ್ಲಿ ದುಡಿಯುತ್ತಿದ್ದ ನಮ್ಮನ್ನು ಒಂದು ದಿನ ಬಸ್ಸಿನಲ್ಲಿ ತುಂಬಿ ದಂಡೆಯ ಮೇಲಿನ ಹಳೆಯ ಓಣಿಗೆ ಒಯ್ದರು. ಹಿಂದೆ ಮುತ್ತು ತೆಗೆಯಲು ಸಮುದ್ರಕ್ಕೆ ಇಳಿಯುತ್ತಿದ್ದವರ ಓಣಿಯಂತೆ ಅದು. ಎಣ್ಣೆ ಸಿಕ್ಕ ಮೇಲೆ ಜನ ಮಣ್ಣಿನ ಮನೆ ಬಿಟ್ಟು ಹೋಗಿದ್ದರು, ಅರ್ಧ ಓಣಿ ನೆಲಸಮವಾಗಿತ್ತು. "ತೇಲ್ ಖತಮ್ ಹುವಾ ತೋ ಕ್ಯಾ ಖಾತೇ ಇನೋ?" ಎಂದು ನಕ್ಕ ನಮ್ಮ ಹೈದರಾಬಾದಿನ ಮೇಸ್ತ್ರಿ. ಎಣ್ಣೆ ಮುಗಿದ ಮೇಲೂ ಆ ದೇಶ ಉಣ್ಣಬೇಕಲ್ಲ. ಅದಕ್ಕೆ ಪರದೇಶದ ಜನ ನೋಡಲು ಬರಬೇಕು, ಹೋಟೆಲು ತುಂಬಬೇಕು, ತೋರಿಸಲು ಅಜ್ಜ ಮುತ್ತಜ್ಜರ ಮನೆಗಳು ಬೇಕು. ಎಣ್ಣೆಯ ದುಡ್ಡಿನಲ್ಲಿ ಕೆಡವಿದ್ದನ್ನು ಎಣ್ಣೆಯ ದುಡ್ಡಿನಲ್ಲೇ ಮತ್ತೆ ಎಬ್ಬಿಸುವ ಕೆಲಸ ಅದು. ಮಣ್ಣಿನ ಮಾಳಿಗೆ ಯಾರಿಗೆ ಬರುತ್ತದೆ ಎಂದು ಮೇಸ್ತ್ರಿ ಕೇಳಿದಾಗ ಕೈ ಎತ್ತಿದೆ. ಶಾಲೆಯಲ್ಲಿ ಎಂದೂ ಎತ್ತದ ಕೈ.

ನಿಮ್ಮದೂ ಮಣ್ಣಿನ ಚಾವಣಿಯ ಮಾಳಿಗೆ ಮನೆಯಾಗಿದ್ದರೆ ನಿಮಗೆ ಗೊತ್ತು, ಅದು ಒಮ್ಮೆ ಕಟ್ಟಿ ಮರೆಯುವ ಮನೆಯಲ್ಲ. ಮುಂಗಾರಿಗೆ ಮೊದಲು ಹಳ್ಳದ ದಂಡೆಯಿಂದ ಚಕ್ಕಡಿಯಲ್ಲಿ ಸವಳು ಮಣ್ಣು ಬರುತ್ತಿತ್ತು. ಬೂದಿಯಂಥ ಬಣ್ಣ, ನಾಲಿಗೆಗಿಟ್ಟರೆ ಉಪ್ಪು. ಅದನ್ನು ಮಾಳಿಗೆಯ ಮೇಲೆ ಹರವಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿದು ಕೂರಿಸಬೇಕು. ನಮ್ಮಲ್ಲಿ ಮಾಳಿಗೆಗೆ ಪಾಲುಗಳಿದ್ದವು. ಪಡಸಾಲೆಯ ಮೇಲಿನದು ಗೋಡೆ ಕಟ್ಟುವ ಗೌಂಡಿ ಕೆಲಸದ ಅಪ್ಪನದು, ಅಡುಗೆಮನೆಯದು ಅವ್ವನದು. ಮೊದಲ ಮಳೆಗೆ ಯಾರ ಪಾಲು ಸೋರುತ್ತದೋ ಅವರು ವರ್ಷವಿಡೀ ಮಂದಿಯ ಬಾಯಿಗೆ ತುತ್ತು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಜೊತೆ ಕೆಲಸಕ್ಕೆ ಬರುತ್ತೇನೆ ಎಂದ ವರ್ಷ, ಅಪ್ಪನ ತಾಯಿ, ನಮ್ಮ ಆಯಿ, ಕಟ್ಟೆಯ ಮೇಲೆ ಕೂತು ತೀರ್ಮಾನ ಹೇಳಿದಳು: "ಸಾಲಿ ಬಿಟ್ಟಾವ್ರೆಲ್ಲ ಗೌಂಡಿ ಆಗಾಕ ಬರೂದಿಲ್ಲೋ ಬಸ್ಯಾ. ಮದಲ ನನ್ನ ಹಾಸಿಗಿ ಮ್ಯಾಲಿನ ಮಾಳಗಿ ಮಾಡು. ಮಳಿ ಬಂದ ಮ್ಯಾಲ ಹೇಳತೇನಿ." ಅಪ್ಪ ನಕ್ಕು, "ಮುಲ್ಕಿ ಪರೀಕ್ಷಾ ಪಾಸಾಗೂದು ಸಸಾರ ಐತಿ ತಮ್ಮಾ, ನಮ್ಮವ್ವನ ಕಡೆ ಪಾಸಾಗೂದು ತ್ರಾಸ" ಎಂದ.

ತೊಂಬತ್ತರ ದಶಕ ಮುಗಿಯುತ್ತ ಬಂದ ದಿನಗಳು ಅವು. ಮೊದಲ ಮಳೆಗೆ ಆಯಿಯ ಕೋಣೆಯಿಂದ ಕೂಗು ಬಂತು: "ಗೌಂಡ್ಯಾರ, ಬರ್ರಿ, ನಿಮ್ಮ ಕೆಲಸ ನೋಡಿಕೊಂಡು ಹೋಗ್ರಿ." ಹೋಗಿ ನೋಡಿದರೆ ಹೊಟ್ಟೆಯ ಮೇಲೆ ಹಿತ್ತಾಳೆ ಬೋಗುಣಿ ಇಟ್ಟುಕೊಂಡು ಮಲಗಿದ್ದಾಳೆ, ಅದರೊಳಗೆ ಟಪ್ ಟಪ್. ಹಾಸಿಗೆ ಸರಿಸೆಂದರೆ ಸರಿಸಲಿಲ್ಲ. ಮರುವರ್ಷ ಸೋರಿದ್ದು ಕಡಿಮೆ, ಅದರ ಮರುವರ್ಷ ಇನ್ನೂ ಕಡಿಮೆ. ಆಮೇಲೊಂದು ವರ್ಷ, ಮಣ್ಣನ್ನು ಜರಡಿ ಹಿಡಿದು, ಬಿಸಿಲಿಗೆ ಬೆನ್ನು ಸುಲಿಯುವವರೆಗೆ ಬಡಿದೆ. ಮೀಸೆ ಮೂಡಿದ್ದ ಕಾಲ. ಆ ಮುಂಗಾರು ಹುಚ್ಚು ಹಿಡಿದಂತೆ ಸುರಿಯಿತು. ಬೆಳಿಗ್ಗೆ ಹೋಗಿ ಕೌದಿಯನ್ನು ಅಂಗೈಯಿಂದ ಒತ್ತಿ ಒತ್ತಿ ನೋಡಿದೆ. ಒಣ ಒಣ. "ಸೋರಲಿಲ್ಲ ಅನ್ನು ಆಯಿ" ಎಂದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಲೇ, "ಒಂದ ಹನಿ ಬಿತ್ತು" ಎಂದಳು. ಎಲ್ಲಿ ತೋರಿಸು ಎಂದು ಜಗಳಕ್ಕೆ ನಿಂತೆ. "ನನ್ನ ಮ್ಯಾಲ ಬಿತ್ತಲೇ. ಹಾಸಿಗ್ಯಾಗ ಯಾಕ ಹುಡಕ್ತಿ?" ಅಷ್ಟು ಹೇಳಿ ಎಲೆ ಬಾಯಿಗಿಟ್ಟುಕೊಂಡಳು. ಬೇರೆ ಯಾರದೂ ಅಲ್ಲ, ಅವಳೊಬ್ಬಳ ಬಾಯಿಂದ 'ಸೋರಲಿಲ್ಲ' ಎಂಬ ಒಂದು ಮಾತು ನನಗೆ ಬೇಕಿತ್ತು. ಪಾಸ್‌ಪೋರ್ಟ್ ಕೈಗೆ ಬಂದ ವರ್ಷದವರೆಗೂ ಅವಳ ಮೇಲೆ ಆ ಒಂದು ಹನಿ ಬೀಳುತ್ತಲೇ ಇತ್ತು, ನಾನು ಅವಳ ನೆತ್ತಿಯ ಮೇಲೆ ಅಡ್ಡಾಡಿ ಬಡಿಯುತ್ತಲೇ ಇದ್ದೆ.

ನಾನು ಹೋದ ಮೇಲೆ ಅಪ್ಪನ ಮೊಣಕಾಲು ನಿಚ್ಚಣಿಕೆ ಏರಲು ಒಪ್ಪಲಿಲ್ಲ. ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸಿರಿ ಎಂದು ದುಡ್ಡು ಕಳಿಸಿದವನು ನಾನೇ. ತೊಲೆ, ಜಂತಿ, ಸವಳು, ಎಲ್ಲ ಟ್ರ್ಯಾಕ್ಟರಿನಲ್ಲಿ ಹೋದವಂತೆ. ಮಳೆಗಾಲ ಬಂದಾಗ ಫೋನಿನಲ್ಲಿ ಆಯಿಯನ್ನು ಹೇಗಿದೆ ಎಂದು ಕೇಳಿದೆ. "ಚಲೋ ಐತಿ. ಸೋರೂದಿಲ್ಲ" ಎಂದಳು. ನನಗೆ ಕೊಡದ ಮಾತನ್ನು ಸಿಮೆಂಟಿಗೆ ಅಷ್ಟು ಸಸಾರವಾಗಿ ಕೊಟ್ಟಳಲ್ಲ. ಮತ್ತೆ ಅವಳೇ, "ಆದ್ರ ಮ್ಯಾಲ ಯಾರೂ ಅಡ್ಡಾಡೂದಿಲ್ಲೋ ತಮ್ಮಾ. ನಿದ್ದಿ ಹತ್ತವಲ್ದು" ಎಂದಳು. ಮುಂದಿನ ಮಳೆಗೆ ಅವಳಿರಲಿಲ್ಲ. ನನಗೆ ರಜೆ ಸಿಗಲಿಲ್ಲ.

ದಂಡೆಯ ಓಣಿಯ ಕೆಲಸ ಸಿಕ್ಕಿದ್ದು ಅದಾದ ಮೇಲೆ. ಜೀವಕ್ಕೆ ನೆಲೆಯಿಲ್ಲದ ದಿನಗಳು, ಕೂತಲ್ಲಿ ಕೂರಲಾರೆ, ಊಟದ ಹೊತ್ತಿಗೂ ಮಾಳಿಗೆಯ ಮೇಲೆಯೇ ಅಡ್ಡಾಡುತ್ತಿದ್ದೆ. ಖರ್ಜೂರದ ಕಾಂಡಗಳ ಮೇಲೆ ಚಾಪೆ, ಅದರ ಮೇಲೆ ಮಣ್ಣು. ಮಣ್ಣು ಬೇರೆ, ಬಡಿಯುವ ಕೈ ಅದೇ. ಒಳಗೆ ನೋಡುವವರಿಗಾಗಿ ಒಂದು ಮಂಚ ಹಾಕಿ, ಮೊಣಕಾಲ ಮೇಲೆ ಕೈಯಿಟ್ಟ ಮುದುಕಿಯ ಬೊಂಬೆ ಕೂರಿಸಿದರು. ಮಳೆ ಅಪರೂಪವಾದ ಆ ದೇಶದಲ್ಲಿ, ಚಳಿಗಾಲದ ಒಂದು ಮಧ್ಯಾಹ್ನ ಆಕಾಶ ಕಪ್ಪಾಗಿ ನಮ್ಮೂರಿನ ಹಾಗೆಯೇ ಸುರಿಯಿತು. ನಿಂತ ಮೇಲೆ ಮೇಸ್ತ್ರಿ ಕೋಣೆ ಕೋಣೆ ತಿರುಗಿ ಬಂದು ಒಂದು ಹನಿಯೂ ಬಿದ್ದಿಲ್ಲವೆಂದು ನನ್ನ ಬೆನ್ನು ತಟ್ಟಿದ. "ಏಕ್ ಬೂಂದ್ ಭೀ ನಹೀ ಗಿರಾ, ಮಿಯಾ."

ಎಲ್ಲರೂ ಚಹಾಕ್ಕೆ ಹೋದರು. ನಾನು ಒಳಗೆ ಹೋಗಿ ಮಂಚದ ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದೆ. ಆಮೇಲೆ, ಹಾಸಿಗೆಯಲ್ಲಿ ಹುಡುಕಬಾರದೆಂದು ನೆನಪಾಗಿ, ಬೊಂಬೆಯ ನೆತ್ತಿ, ಹಣೆ, ಕೆನ್ನೆ ಮುಟ್ಟಿದೆ. ಎಲ್ಲೂ ಹನಿ ಇರಲಿಲ್ಲ.