ಒಂದು ತಾಸಿನ ಬೆಂಗಳೂರು

ಮಕ್ಕಳಿಗೆ ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಿದ್ದೆ. ಬಲಗಣ್ಣಿನ ಮೂಲೆಯಲ್ಲಿ ಕಪ್ಪು ಪರದೆಯೊಂದು ಇಳಿಯಿತು. ಕಣ್ಣುಜ್ಜಿದೆ. ಹೋಗಲಿಲ್ಲ.

ಶಹಾಪುರದ ಶಾಲೆಯಿಂದ ನೇರ ಯಾದಗಿರಿಗೆ, ಕಾಕಾರ ಮನೆಗೆ ಬಂದೆ. ಅಪ್ಪ ತೀರಿಕೊಂಡ ಮೇಲೆ ನನಗೆ ಹಿರಿಯರೆಂದರೆ ಅವರೇ. ಕಣ್ಣಿನ ಡಾಕ್ಟರು ನೋಡಿದರು.

"ಕಣ್ಣಿನ ಹಿಂದಿನ ಪದರ, ರೆಟಿನಾ, ಕಿತ್ಗೊಂಡೈತಿ. ಇವತ್ತೇ ದೊಡ್ಡ ದವಾಖಾನಿಗಿ ಹೋಗ್ರಿ."

ದೊಡ್ಡ ಕಣ್ಣಿನ ಆಸ್ಪತ್ರೆಗಳಿರುವ ಹೈದರಾಬಾದಿಗೆ ಅಂದೇ ಸಂಜೆ ರೈಲಿತ್ತು. ಆದರೆ ಕಾಕಾ ಆಗಲೇ ಮೊಬೈಲ್ ತೆಗೆದಿದ್ದರು.

"ಕಲಬುರಗಿಯಿಂದ ಬೆಂಗಳೂರಿಗಿ ವಿಮಾನ ಐತವ್ವ. ಬರೇ ಒಂದ್ ತಾಸು! ರೈಲಿನ್ಯಾಗ ಯಾಕ ಸಾಯ್ತಿ?"

ನಮ್ಮ ಕಡೆ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ, ತಾಸಿನಲ್ಲಿ ಹೇಳುತ್ತೇವೆ. ಯಾದಗಿರಿಯಿಂದ ಶಹಾಪುರ ಒಂದು ತಾಸು, ಸುರಪುರ ಅದಕ್ಕಿಂತ ಹೆಚ್ಚು. ಆ ಲೆಕ್ಕದಲ್ಲಿ ಕಾಕಾರಿಗೆ ಬೆಂಗಳೂರು ಸುರಪುರಕ್ಕಿಂತ ಹತ್ತಿರವಾಗಿಬಿಟ್ಟಿತು. ವಿಮಾನ ಇರುವುದು ಮರುದಿನ, ಅದಕ್ಕೆ ಮೊದಲು ಕಲಬುರಗಿ ಮುಟ್ಟಬೇಕು, ಇಳಿದ ಮೇಲೆ ಬೆಂಗಳೂರಿನ ಟ್ರಾಫಿಕ್ ದಾಟಬೇಕು. ಇದ್ಯಾವುದೂ ಆ ತಾಸಿನೊಳಗೆ ಇರಲಿಲ್ಲ. ನಾನು ಹೇಳಿದೆ. ಯಾರು ಕೇಳಬೇಕು? ಹೋಗುವ ಟಿಕೆಟ್ಟಿನ ಜೊತೆ ಬರುವ ಟಿಕೆಟ್ಟನ್ನೂ ತೆಗೆಸಿದರು.

ವಿಮಾನ ಹೇಳಿದಂತೆ ತಾಸಿಗೆ ಇಳಿಯಿತು, ಸುಳ್ಳಲ್ಲ. ಆಸ್ಪತ್ರೆ ಮುಟ್ಟುವಾಗ ಪರದೆ ಕಣ್ಣಿನ ನಡುವಿಗೆ ಬಂದಿತ್ತು.

"ನಿನ್ನೆಯೇ ಆಪರೇಷನ್ ಆಗಿದ್ದರೆ ಚೆನ್ನಾಗಿತ್ತು," ಎಂದರು ಸರ್ಜನ್.

ಆಪರೇಷನ್ ಆಯಿತು. ರೆಟಿನಾವನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸ್ ತುಂಬಿದ್ದರು. ಅದು ಜಾಗ ಬಿಡದಂತೆ ಕೂತರೂ ನಿಂತರೂ ತಲೆ ಬಗ್ಗಿಸಿಯೇ ಇರಬೇಕು. ಡಿಸ್ಚಾರ್ಜ್ ದಿನ ಕಾಕಾ ಉತ್ಸಾಹದಿಂದ ವಿಮಾನದ ಮಾತು ತೆಗೆದರು. ಸರ್ಜನ್ ತಡೆದರು.

"ಗ್ಯಾಸ್ ಕರಗುವವರೆಗೆ ವಿಮಾನ ಹತ್ತಲೇಬಾರದು. ಮೇಲೆ ಹೋದರೆ ಗ್ಯಾಸ್ ಹಿಗ್ಗುತ್ತದೆ. ಕಣ್ಣೇ ಹೋಗಬಹುದು."

"ಬರೇ ಒಂದ್ ತಾಸು ಅಲ್ರಿ ಸಾಹೇಬ್ರ? ತಡ್ಕೊಳ್ಳಾಂಗಿಲ್ಲೇನ್ರಿ?"

ತಲೆ ಎತ್ತಿ, ಮುಖ ನೋಡಿ ಬೈಯಬೇಕೆನಿಸಿತು. ಎತ್ತುವಂತಿರಲಿಲ್ಲ. ನೆಲ ನೋಡುತ್ತಲೇ ಬೈದೆ.

"ಕಾಕಾ, ಇನ್ನೊಮ್ಮಿ ತಾಸು ಅಂದ್ರ ಯಾದಗಿರಿಗಿ ನಡಕೋತ ಹೋಗ್ತೀನಿ!"

ರೈಲಿನಲ್ಲಿ ಬಂದೆವು. ದಾರಿಯುದ್ದಕ್ಕೂ ನಾನು ಕಂಡದ್ದು ಜನರ ಚಪ್ಪಲಿಗಳನ್ನು. ಕುತ್ತಿಗೆ ಸೋತಾಗ ಕಾಕಾ ನನ್ನ ಹಣೆಗೆ ಅಂಗೈ ಒಡ್ಡಿದರು, ಕೈ ಬದಲಿಸುತ್ತ ಹಾಗೇ ಹಿಡಿದುಕೊಂಡರು. ಸ್ಟೇಷನ್ ಬಂದಾಗಲೆಲ್ಲ ಬಗ್ಗಿ ಅದೇ ಪ್ರಶ್ನೆ: "ಬೆಳಕ ಕಾಣಾಕತ್ತೈತೇನವ್ವ?" ಉತ್ತರ ಕೊಟ್ಟು ಕೊಟ್ಟು ರೋಸಿಹೋಗಿದ್ದೆ. ರಾಯಚೂರು ದಾಟಿದ ಮೇಲೆ ಆ ದನಿ ನಡುಗುತ್ತಿರುವುದು ಗೊತ್ತಾಯಿತು. ಆಮೇಲೆ ಮೆತ್ತಗೆ ಉತ್ತರ ಕೊಟ್ಟೆ.

ಈಗ ಗ್ಯಾಸ್ ಕರಗಿದೆ. ಬಲಗಣ್ಣಿಗೆ ಬೋರ್ಡಿನ ಗೆರೆಗಳು ನಡುವೆ ತುಸು ಬಾಗಿ ಕಾಣುತ್ತವೆ; ಇನ್ನು ಹಾಗೇ ಇರಬಹುದಂತೆ. ಕಳೆದುಹೋದ ಆ ಒಂದು ದಿನದ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ. ಆದರೂ ಕಣ್ಣು ಉಳಿಯಿತಲ್ಲ ಎಂದುಕೊಳ್ಳುತ್ತೇನೆ.

ಮೊನ್ನೆ ಪಕ್ಕದ ಮನೆಯವರು ಕಾಕಾರನ್ನು ಕೇಳಿದರು: "ಬೆಂಗಳೂರು ಎಷ್ಟ್ ದೂರ ಆಗ್ತೈತ್ರಿ?"

ಕಾಕಾ ಬಾಯಿ ತೆರೆದವರು ನನ್ನ ಕಡೆ ನೋಡಿದರು.

"ಭಾಳ ದೂರ ಐತ್ರಿ," ಎಂದರು.

ನಾನು ಎಡಗಣ್ಣು ಮುಚ್ಚಿ ಅವರ ಮುಖ ನೋಡಿದೆ. ತುಸು ಸೊಟ್ಟಗಿತ್ತು. ಆದರೆ ಪೂರ್ತಿ ಕಂಡಿತು.