ಒಂದು ಬೋಗುಣಿ ಹಿತಕಿದ ಬೇಳೆ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಸ್ಟಾಫ್ ರೂಮಿನಲ್ಲಿ ದೆವ್ವ, ಶಕುನ ಅಂತ ಮಾತು ಶುರುವಾದರೆ "ಸುಮ್ನಿರ್ರೀ, ಅಡುಗೂಲಜ್ಜಿ ಕಥೆ" ಎಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನೀವು ನಂಬದಿದ್ದರೂ ನನಗೇನೂ ಬೇಸರವಿಲ್ಲ.

ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿ ಆಗ ಅಮ್ಮ ನನ್ನ ಜೊತೆಗೇ ಇದ್ದಳು. ಅವಳಿಗೆ ಮರೆವಿನ ಕಾಯಿಲೆ. ನನ್ನನ್ನು "ಮಿಸ್" ಎಂದು ಕರೆಯಲು ಶುರುಮಾಡಿ ತಿಂಗಳುಗಳೇ ಆಗಿದ್ದವು. ಕಾಫಿ ಕೊಟ್ಟರೆ "ನಿಮಗ್ಯಾಕೆ ತೊಂದ್ರೆ" ಎನ್ನುತ್ತಿದ್ದಳು. ಇನ್ನೊಂದೇ ಒಂದು ಸಲ "ಪುಟ್ಟಿ" ಅಂತ ಕರೆಯಲಿ ದೇವರೇ ಎನ್ನುವುದು ಬಿಟ್ಟರೆ ನನಗೆ ಬೇರೆ ಆಸೆ ಇರಲಿಲ್ಲ.

ಅವರೆಕಾಯಿ ಕಾಲ. ವಿಜಯನಗರದ ಮಾರ್ಕೆಟ್ಟಿನಿಂದ ಒಳ್ಳೆ ಸೊಗಡಿನ ಕಾಯಿ ತಂದು, ಬಿಡಿಸಿ, ಕಾಳನ್ನು ನೆನೆಹಾಕಿದ್ದೆ. ಶನಿವಾರ ಸಂಜೆ ಫ್ರಿಜ್ಜಿನಿಂದ ಹಾಲು ತೆಗೆದು ಒಲೆಯ ಮೇಲಿಟ್ಟು, ಅದು ಕಾಯುವಷ್ಟರಲ್ಲಿ ಒಂದು ಹಿಡಿ ಹಿತಕೋಣ ಎಂದು ಕಾಳು ತುಂಬಿದ ಬೋಗುಣಿ ಹಿಡಿದು ನಡುಮನೆಯಲ್ಲಿ ಕೂತೆ. ಅಮ್ಮ ಬಂದು ಎದುರಿಗೇ ಚಕ್ಕಳಮಕ್ಕಳ ಹಾಕಿದಳು. ಅವಳು ಹಿತಕಿದ ಕಾಳು ಸಿಪ್ಪೆ ಕಳಚಿ ತಟ್ಟೆಗೆ ಬಿತ್ತು. ನನ್ನದು ಹಾರಿಹೋಗಿ ಟಿವಿಗೆ ಬಡಿಯಿತು.

"ನಿನ್ ಕೈಗೇನೇ ಬಂತು ದೊಡ್ರೋಗ! ಅವಸರಕ್ಕೇ ಹುಟ್ಟಿದೋಳು ಕಣೇ ಪುಟ್ಟಿ ನೀನು. ನಿಧಾನಕ್ಕೆ ಹಿತಕು."

ಏನಾದರೂ ಕೇಳಿದರೆ ಬಂದ ನೆನಪು ಎಲ್ಲಿ ಹೊರಟುಹೋಗುತ್ತದೋ ಎಂಬ ಭಯ. ಸುಮ್ಮನೆ ಹಿತಕುತ್ತ ಹೋದೆ, ಅವಳು ಮಾತಾಡುತ್ತ ಹೋದಳು. ಅಪ್ಪನ ನಶ್ಯದ ಡಬ್ಬಿ, ಚಿಕ್ಕವಳಿದ್ದಾಗ ನಾನು ಮೂಗಿಗೆ ಅವರೆಕಾಳು ತುರುಕಿಕೊಂಡು ಮಾಡಿದ ರಂಪ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ತಿದ್ದಬೇಕಿದ್ದ ಪೇಪರುಗಳಾಗಲಿ, ನಾಳೆಯ ಚಿಂತೆಯಾಗಲಿ ನನ್ನ ಹತ್ತಿರ ಸುಳಿಯಲಿಲ್ಲ. ಬೋಗುಣಿ ಖಾಲಿಯಾದಾಗ ಬೆರಳ ತುದಿಗಳೆಲ್ಲ ಸುಕ್ಕುಗಟ್ಟಿದ್ದವು.

ಆಗ ನೆನಪಾಯಿತು. ಅಯ್ಯೋ, ಹಾಲು! ಪಾತ್ರೆ ಸೀದು ಕರಿಕಾಗಿರುತ್ತದೆ ಎಂದು ಓಡಿದೆ. ಒಲೆ ಉರಿಯುತ್ತಲೇ ಇತ್ತು. ಹಾಲಿಗೆ ಬೆರಳಿಟ್ಟರೆ ಇನ್ನೂ ತಣ್ಣಗಿತ್ತು. ಕಿಟಕಿಯಾಚೆ ಎದುರುಮನೆ ಕಾಂಪೌಂಡಿನ ಮೇಲಿನ ಬಿಸಿಲು ಇದ್ದಲ್ಲೇ ಇತ್ತು. ಅಷ್ಟು ಕಾಳು ಹಿತಕಲು ಇಬ್ಬರಿಗೆ ಏನಿಲ್ಲವೆಂದರೂ ಒಂದೆರಡು ಗಂಟೆ ಬೇಕು. ನಿಮ್ಮ ಮನೆಯಲ್ಲಿ ಹಿತಕುವವರನ್ನೇ ಕೇಳಿ ನೋಡಿ.

ಬೆಳಿಗ್ಗೆಯೇ ಹಿತಕಿಟ್ಟು ಮರೆತಿದ್ದೆನೇ? ಅಮ್ಮನ ಕಾಯಿಲೆ ನನಗೂ ಅಂಟಿತೇ? ವರ್ಷಗಳಿಂದ ಯೋಚಿಸುತ್ತಿದ್ದೇನೆ. ಯಾವ ಉತ್ತರವೂ ಸರಿಹೊಂದುತ್ತಿಲ್ಲ.

ಅಂದು ರಾತ್ರಿ ಮುದ್ದೆ, ಹಿತಕಿದ ಬೇಳೆ ಸಾರು ಬಡಿಸಿದೆ. ಅಮ್ಮ ತಟ್ಟೆ ನೋಡಿ ಹುಬ್ಬೇರಿಸಿದಳು. "ಇಷ್ಟೂ ನೀವೊಬ್ರೇ ಹಿತಕಿದ್ರಾ ಮಿಸ್?"

"ಇಲ್ಲ, ನಮ್ಮಮ್ಮ ಜೊತೇಲಿ ಕೂತಿದ್ರು."

"ಪುಣ್ಯ ಮಾಡಿದೀರಿ ಬಿಡಿ," ಎಂದು ಅಮ್ಮ ಮುದ್ದೆ ಮುರಿಯತೊಡಗಿದಳು.