ಮೂರನೆಯ ಇಂಜೆಕ್ಷನ್

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಈಗ ನಾನೇ ಬರೆಯುತ್ತಿದ್ದೇನೆ. ನೀವು ಎದ್ದು ಹೋದರೆ ಬೇಸರವಿಲ್ಲ. ನನ್ನ ನೆನಪಿನ ಮೇಲೆ ನನಗೇ ಅಷ್ಟು ಭರವಸೆಯಿಲ್ಲ, ಆ ತಿಂಗಳುಗಳ ನೆನಪಿನ ಮೇಲಂತೂ.

ಕೆಲವು ವರ್ಷಗಳ ಹಿಂದೆ ನನ್ನ ಗರ್ಭಕೋಶದಲ್ಲಿ ಗಡ್ಡೆಗಳಾಗಿದ್ದವು. ಫೈಬ್ರಾಯ್ಡ್, ಕ್ಯಾನ್ಸರ್ ಅಲ್ಲ ಎಂದರು ಪುತ್ತೂರಿನ ಡಾಕ್ಟರು. ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಕೊಟ್ಟು ಗಡ್ಡೆ ಕುಗ್ಗಿಸುವುದು, ಆಮೇಲೆ ಹೊಟ್ಟೆಯಲ್ಲಿ ಸಣ್ಣ ತೂತುಗಳನ್ನು ಮಾಡಿ ತೆಗೆಯುವುದು. ಕುಗ್ಗದಿದ್ದರೆ ಹೊಟ್ಟೆ ಕೊಯ್ಯಬೇಕಾದೀತು, ಆಗ ಗರ್ಭಕೋಶ ಉಳಿಯುತ್ತದೆಂದು ಮಾತು ಕೊಡಲಾರೆ ಎಂದರು. ನನಗೆ ಮಗು ಬೇಕಿತ್ತು.

ಇಂಜೆಕ್ಷನ್‌ನಿಂದ ಮುಟ್ಟು ನಿಂತಿತು. ಬದಲಿಗೆ ಸೆಕೆ ಬಂತು, ಎದೆಯಿಂದ ಕುತ್ತಿಗೆಗೆ, ಕಿವಿಗೆ ಏರುವ ಸೆಕೆ. ನಿದ್ದೆ ಕೆಟ್ಟಿತು. ಹಾಲು ಒಲೆಯ ಮೇಲಿಟ್ಟು ಮರೆಯುತ್ತಿದ್ದೆ. ಎರಡನೆಯದು ಆಗುವಷ್ಟರಲ್ಲಿ ಸಾಕುಸಾಕಾಗಿ, ಮೂರನೆಯದಕ್ಕೆ ಹೋಗುವುದೇ ಇಲ್ಲ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ, ಗಂಡನಿಗೂ.

ಒಂದು ಮಧ್ಯಾಹ್ನ ಸೆಕೆ ಏರಿದಾಗ ಕೋಡಿಂಬಾಳದ ನಮ್ಮ ಮನೆಯ ಹಿಂದಿನ ಜಗಲಿಗೆ ಬಂದೆ. ಅತ್ತೆ ಅಲ್ಲಿ ಕುಳಿತು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು.

"ಬಂತಾ? ನನಗೂ ಈಗ ಬಂತಷ್ಟೆ."

"ಈ ಪ್ರಾಯದಲ್ಲಿ ನಿಮಗೆ ಎಂತ ಅತ್ತೆ?"

"ನಿನ್ನದರಲ್ಲಿ ಅರ್ಧ ನನಗಿರ್ಲಿ. ಕೂತ್ಕೊ," ಎಂದು ನಕ್ಕರು. ಆಮೇಲೆ ನಗಲಿಲ್ಲ. "ಇಂಜೆಕ್ಷನ್ ಬಿಡ್ಬೇಡ ಮಾರಾಯ್ತಿ. ನನ್ನ ಗರ್ಭಕೋಶ ನನ್ನತ್ರ ಕೇಳದೆ ತೆಗೆದದ್ದು. ಎಚ್ಚರ ಆಗುವಾಗ ಇರ್ಲಿಲ್ಲ. ನಿನ್ನತ್ರ ಕೇಳ್ತಾ ಆದ್ರೂ ಉಂಟಲ್ಲ."

ಸೆಕೆ ಇಳಿಯಿತು. ಅವರು ಯಾವಾಗ ಎದ್ದು ಹೋದರೋ ನೆನಪಿಲ್ಲ. ಅವರ ಸೆರಗು ಒಮ್ಮೆ ಹಸಿರು, ಒಮ್ಮೆ ಕೆಂಪು ಎಂದು ನೆನಪಾಗುತ್ತದೆ. ಮಾತು ಮಾತ್ರ ಬದಲಾಗುವುದಿಲ್ಲ. ಮರುದಿನ ಪುತ್ತೂರಿನ ಬಸ್ಸು ಹತ್ತಿದೆ.

ಗಡ್ಡೆ ಕುಗ್ಗಿತ್ತು. ಆಪರೇಷನ್ ಸಲೀಸಾಗಿ ಆಯಿತು, ಗರ್ಭಕೋಶ ಉಳಿಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅತ್ತೆ ಹೇಳಿದ್ದರಿಂದಲೇ ಇಂಜೆಕ್ಷನ್ ಪೂರ್ತಿ ಮಾಡಿದೆ ಎಂದೆ. ಗಂಡ ನಗಾಡಿದರು. "ಅಮ್ಮ ಆ ತಿಂಗಳಿಡೀ ಸುಳ್ಯದಲ್ಲಿ ಅಕ್ಕನ ಮನೆಯಲ್ಲಲ್ವಾ ಇದ್ದದ್ದು? ನಾನೇ ಬಿಟ್ಟು ಬಂದದ್ದು. ನಿನಗೆ ಅದೂ ಮರ್ತುಹೋಯ್ತಾ?"

ಮದ್ದಿನ ಮರೆವು ಎಂದು ನಾನೂ ಒಪ್ಪಿಕೊಂಡೆ. ಸೆಕೆಯ ಮಂಪರಿನಲ್ಲಿ ಕಂಡದ್ದಿರಬೇಕು. ಈಗಲೂ ಹಾಗೆಂದೇ ಹೇಳಬಹುದಿತ್ತು, ನಾನು ಸುಮ್ಮನಿದ್ದಿದ್ದರೆ.

ನಾನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ದಿನ ಅತ್ತೆ ಜಗಲಿಯಲ್ಲಿ ಬಸಳೆ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕುಳಿತು ಕೇಳಿದೆ: "ಅತ್ತೆ, ನಿಮ್ಮ ಗರ್ಭಕೋಶ ತೆಗೆಯುವಾಗ ನಿಮ್ಮತ್ರ ಕೇಳಿರ್ಲಿಲ್ವಾ?"

ಅವರ ಕೈ ನಿಂತಿತು.

"ಅದು ನಿನಗೆ ಯಾರು ಹೇಳಿದ್ದು? ನಾನು ಬಾಯಿಬಿಟ್ಟು ಯಾರತ್ರವೂ ಹೇಳಿದ್ದಿಲ್ಲ."

"ಗೊತ್ತಿಲ್ಲ," ಎಂದೆ. ಇವತ್ತಿಗೂ ಗೊತ್ತಿಲ್ಲ.

ಅತ್ತೆ ಬಸಳೆಯ ರಾಶಿಯಲ್ಲಿ ಅರ್ಧವನ್ನು ನನ್ನ ಕಡೆಗೆ ಸರಿಸಿದರು.